ಬೆಳ್ಳಮ್ಮನ ಹಿತ್ತಲ ದಾಸವಾಳ

ಹಾಲಿಗೆ ಹೆಪ್ಪು ಕೇಳಲು ಬೆಳ್ಳಮ್ಮನ ಮನೆಗೆ ಹೋದ ಕೆರಿಯಮ್ಮ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟಳು. ಬಚ್ಚಲ ನೀರು ಹರಿಯುವ ಕಡೆ, ಸೌದೆ ರಾಶಿಯ ಮರೆಯಲ್ಲಿ, ಎದೆಯೆತ್ತರದ ಒಂದು ದಾಸವಾಳದ ಗಿಡ. ಗಿಡದ ತುಂಬ ಒತ್ತೆಸಳಿನ ಮುದ್ದೆ ಹೂವು. ಮೈಯೆಲ್ಲ ಮಾಗಿದ ಗೇರುಹಣ್ಣಿನ ಬಣ್ಣ, ಒಳಗೆ ಕುಂಕುಮ ಅದ್ದಿದ ಹಾಗೆ ಕೆಂಪು. ಇಂಥ ದಾಸವಾಳ ಆ ಸೀಮೆಯಲ್ಲಿ ಇದ್ದದ್ದು ಒಂದೇ ಕಡೆ, ಕೆರಿಯಮ್ಮನ ಹಳೆಯ ಮನೆಯ ಅಂಗಳದಲ್ಲಿ. ಆ ಅಂಗಳ, ಆ ಊರು, ಎಲ್ಲವೂ ಶರಾವತಿಯ ಹೊಸ ಅಣೆಕಟ್ಟಿನ ನೀರಿನಡಿ ಸೇರಿ ಎರಡು ವರ್ಷವಾಗಿತ್ತು.

"ಇದೆಂತ ಗಿಡನೇ ಬೆಳ್ಳಿ?"

"ಯಾವುದು, ಅದಾ? ದಾಸವಾಳ ಅಲ್ವನಕ್ಕಾ."

"ದಾಸವಾಳ ಅಂತ ನಂಗೂ ಕಾಣ್ತದೆ. ಎಲ್ಲಿಂದ ಬಂತು?"

"ಸಾಗರದ ಸಂತೇಲಿ ಸಿಕ್ತು." ಬೆಳ್ಳಮ್ಮ ಹೆಪ್ಪಿನ ಲೋಟ ಕೊಟ್ಟು, ಒದ್ದೆಯಿಲ್ಲದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಅಲ್ಲ, ಸಂತೇಲಲ್ಲ. ಹೊಸನಗರದಲ್ಲಿ ನಮ್ಮ ಚಿಕ್ಕಮ್ಮ ಕೊಟ್ರು. ನಾನೇನು ಕದ್ದು ತಂದಿದ್ದಲ್ಲ ಮತ್ತೆ!"

ಕದ್ದದ್ದು ಎಂಬ ಮಾತನ್ನು ಕೆರಿಯಮ್ಮ ಎತ್ತಿರಲೇ ಇಲ್ಲ.

ಆ ಗಿಡದ ವಿಷಯದಲ್ಲಿ ಕೆರಿಯಮ್ಮ ಕಟ್ಟಿಕೊಂಡ ಗಂಡನನ್ನೂ ನಂಬುವವಳಲ್ಲ. ಹಳೆಯ ಊರಿನಲ್ಲಿ ಹೂವು ಕೇಳಿದರೆ ಕೊಟ್ಟಾಳು, ಟೊಂಗೆ ಕೇಳಿದರೆ ಮುಖ ತಿರುಗಿಸುತ್ತಿದ್ದಳು. ಮಳೆಗಾಲಕ್ಕೆ ಮುಂಚೆ ಸವರಿದ ಟೊಂಗೆಗಳನ್ನು ಬೇಲಿಯಾಚೆ ಎಸೆದರೆ ಯಾರಾದರೂ ಹೆಕ್ಕಿ ನೆಟ್ಟುಕೊಂಡಾರು ಎಂದು, ಬಚ್ಚಲೊಲೆಗೆ ಹಾಕಿ ಬೂದಿಯಾಗುವವರೆಗೆ ಎದುರೇ ಕೂತಿರುತ್ತಿದ್ದಳು. ಅದು ಅವಳ ಅವ್ವ ತವರಿನಿಂದ ತಂದು ತನ್ನ ಕೈಯಾರೆ ನೆಟ್ಟುಕೊಟ್ಟ ಗಿಡ. ಊರು ಬಿಡುವಾಗ ಬುಡದ ಮಣ್ಣು ಸಮೇತ ಎಬ್ಬಿಸಿ, ಗೋಣಿ ಸುತ್ತಿ, ಲಾರಿಗೆ ಹಾಕಿಸಿದ್ದಳು. ಆನಂದಪುರದ ಹತ್ತಿರ ಸರ್ಕಾರ ಕೊಟ್ಟ ಈ ಗಟ್ಟಿ ನೆಲದಲ್ಲಿ ಅದು ಉಳಿಯಲಿಲ್ಲ. ಮನೆ ಮುಳುಗಿದಾಗ ಕಲ್ಲಾಗಿ ನಿಂತಿದ್ದವಳು ಗಿಡ ಒಣಗಿದ ದಿನ ಬಿಕ್ಕಿ ಬಿಕ್ಕಿ ಅತ್ತಳು. ಅವ್ವ ಯಾವಾಗಲೋ ಹೋಗಿಯಾಗಿತ್ತು. ತವರೂರೂ ಈಗ ನೀರಿನಡಿಯೇ.

"ಹೂವಿನ ಮೇಲೆ ನಿನ್ನ ಹೆಸರು ಬರ್ದಿತ್ತಾ?" ಮನೆಗೆ ಬಂದು ಹೇಳಿದ್ದಕ್ಕೆ ಗಂಡ ಮಾಸ್ತಪ್ಪ ಎಲೆಗೆ ಸುಣ್ಣ ಸವರುತ್ತ ಕೇಳಿದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ್ನಂತೆ. ಇವಳು ನಾನು ಅನ್ನೋಕೆ ಮುಂಚೆನೇ ಮುಟ್ಕಂಡ್ಳು! ಯಾರೋ ಕೊಟ್ಟಿದಾರೆ. ನೀವೇ ಕೊಟ್ಟಿರ್ಬೇಕು."

"ನಾನಾ? ಆ ಗಿಡದ ಹತ್ರ ನನ್ನ ಸುಳಿಯೋಕಾದ್ರೂ ಬಿಟ್ಟಿದ್ಯನೇ ಮಾರಾಯ್ತಿ?"

ಅದೂ ನಿಜವೇ. ಕೆರಿಯಮ್ಮ ಒಬ್ಬೊಬ್ಬರನ್ನಾಗಿ ನೆನೆದು, ಒಬ್ಬೊಬ್ಬರ ಮೇಲೂ ಅನುಮಾನಪಟ್ಟು, ಕೊನೆಗೆ ಹಳೆಯ ಊರಿನ ಒಂದು ಭೂಮಿ ಹುಣ್ಣಿಮೆಯ ದಿನಕ್ಕೆ ಬಂದು ನಿಂತಳು. ಊರಿಗೆ ಊರೇ ಬುತ್ತಿ ಹೊತ್ತು ಗದ್ದೆ ಪೂಜೆಗೆ ಹೋಗಿತ್ತು. ಬೆಳ್ಳಮ್ಮ ಒಬ್ಬಳು ತಲೆನೋವೆಂದು ಮನೆಯಲ್ಲೇ ಉಳಿದಿದ್ದಳು. ವರ್ಷದ ಹಬ್ಬದ ದಿನ ಯಾರಿಗಾದರೂ ತಲೆ ನೋಯುತ್ತದೆಯೇ?

ಬೆಳಗಾಗುತ್ತಲೇ ಹೋದಳು. ಬೆಳ್ಳಮ್ಮ ಅಕ್ಕಿ ತೊಳೆದ ನೀರನ್ನು ಗಿಡದ ಬುಡಕ್ಕೆ ಹೊಯ್ಯುತ್ತಿದ್ದಳು.

"ಆವತ್ತು ಭೂಮಿ ಹುಣ್ಣಿಮೆ ದಿನ ನಿಂಗೆ ನಿಜವಾಗ್ಲೂ ತಲೆನೋವಿತ್ತಾ?"

ಬೆಳ್ಳಮ್ಮ ಪಾತ್ರೆ ಕೆಳಗಿಟ್ಟಳು. "ಇಲ್ಲಕ್ಕಾ. ಕದ್ದೆ. ಕೇಳಿದ್ರೆ ನೀವು ಕೊಡ್ತಿದ್ರಾ? ನಿಮ್ಮ ಹೆದ್ರಿಕೆಗೆ ನೆಲಕ್ಕೂ ನೆಡ್ಲಿಲ್ಲ, ಸೀಮೆಎಣ್ಣೆ ಡಬ್ಬದಲ್ಲಿ ನೆಟ್ಟು ಕೊಟ್ಟಿಗೆ ಹಿಂದೆ ಅಡಗಿಸಿಟ್ಟಿದ್ದೆ. ಊರು ಬಿಡ್ವಾಗ ಡಬ್ಬ ಹಂಗೇ ಎತ್ಕಂಡು ಬಂದೆ. ಅದಕ್ಕೇ ಬದುಕ್ತು."

ರಾತ್ರಿ ಪೂರ್ತಿ ಹೊಂದಿಸಿಟ್ಟುಕೊಂಡಿದ್ದ ಬೈಗುಳ ಕೆರಿಯಮ್ಮನ ಗಂಟಲವರೆಗೆ ಬಂತು. ಹೂವಿನ ಕಡೆ ನೋಡಿದಳು, ಅಲ್ಲೇ ನಿಂತಿತು. ಇವಳು ಕದಿಯದೇ ಹೋಗಿದ್ದರೆ ಅವ್ವನ ಗಿಡ ಈ ಭೂಮಿಯ ಮೇಲೆ ಇರುತ್ತಲೇ ಇರಲಿಲ್ಲ. ಹಾಗೆಂದು ಒಪ್ಪಿಕೊಳ್ಳಲು ಹೊಟ್ಟೆ ಉರಿಯಿತು.

"ನಂದು ಸತ್ತೋಯ್ತು ಕಣೇ," ಎಂದಳು. ಆಮೇಲೆ, ತಾನು ಎಷ್ಟೋ ಜನರ ಬಾಯಲ್ಲಿ ಕೇಳಿ ಆಗದು ಎಂದಿದ್ದ ಮಾತನ್ನು ತಾನೇ ಆಡಿದಳು: "ಒಂದು ಟೊಂಗೆ ಕೊಡ್ತೀಯಾ?"

"ಕೊಡಲ್ಲ."

ಕೆರಿಯಮ್ಮನ ಮುಖ ಇಳಿದುಹೋಯಿತು.

"ಕೊಟ್ಟು, ನಾಳೆ ಅದು ಹತ್ತದೇ ಹೋದ್ರೆ, ಬಿಸಿನೀರಲ್ಲಿ ಅದ್ದಿ ಕೊಟ್ಳು ಬೆಳ್ಳಿ ಅಂತ ನೀವು ಊರೆಲ್ಲ ಹೇಳ್ಕಂಡು ಬರ್ತೀರಿ. ನಿಮ್ಮ ಬುದ್ಧಿ ನಂಗೊತ್ತಿಲ್ವಾ?" ಬೆಳ್ಳಮ್ಮ ಪಾತ್ರೆ ಎತ್ತಿಕೊಂಡಳು. "ಅಲ್ದೆ, ಕೊಟ್ಟ ಗಿಡಕ್ಕಿಂತ ಕದ್ದ ಗಿಡನೇ ಅಕ್ಕಾ ಚಂದ ಹತ್ತೋದು. ನಂಗೆ ಒಳಗೆ ಕೆಲ್ಸ ಇದೆ, ಬರ್ತೀನಿ."

ಹಾಗೆಂದು ಒಳಗೆ ಹೋಗಿ ಹಿತ್ತಲ ಬಾಗಿಲು ಹಾಕಿಕೊಂಡಳು.

ಕೆರಿಯಮ್ಮ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಬಾಗಿಲ ಸಂದಿಯಲ್ಲಿ ಕಣ್ಣಿದೆಯೋ ಎಂದು ಅಲ್ಲಿಗೂ ನೋಡಿದಳು. ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ ಒಂದು ಟೊಂಗೆಯನ್ನು ಹಿಡಿದು, ಉಸಿರು ಬಿಗಿಹಿಡಿದು, ಲಟಕ್ಕನೆ ಮುರಿದಳು.

ಮರುಗಳಿಗೆಯೇ ಒಳಗಿನಿಂದ, ಓಣಿಗೆಲ್ಲ ಕೇಳುವಂತೆ, ಬೆಳ್ಳಮ್ಮನ ಕೂಗು ಎದ್ದಿತು: "ಯಾರೇ ಅದು ನನ್ನ ದಾಸವಾಳಕ್ಕೆ ಕೈ ಹಾಕಿದೋಳು? ನಿನ್ನ ಕೈ ಸೇದಿಹೋಗಾ! ನಿಲ್ಲೇ, ಬಂದೆ!"

ನಾಲ್ಕು ಮೊಮ್ಮಕ್ಕಳ ಅಜ್ಜಿ ಕೆರಿಯಮ್ಮ, ಟೊಂಗೆಯನ್ನು ಸೆರಗಿನೊಳಗೆ ಎದೆಗವಚಿಕೊಂಡು, ಬೇಲಿಯ ಸಂದಿಯಲ್ಲಿ ನುಸುಳಿ, ಹಿಂದೆ ತಿರುಗಿ ನೋಡದೆ ಓಡಿದಳು.