ದವಡೆಗೆ ಕೇಳಿದ್ದು

ದೊಡ್ಡಮ್ಮನ ಬಾಯಿ ಎರಡು ಬೆರಳಗಲ ತೆರೆದು ಟಕ್ಕೆಂದು ನಿಂತಿತು. ತನ್ನ ಕ್ಲಿನಿಕ್ಕಿನಲ್ಲಿ ಪರೀಕ್ಷಿಸುತ್ತಿದ್ದ, ದವಡೆ ಡಾಕ್ಟರಾದ ಅವರ ತಂಗಿಯ ಮಗ ರೇಗಿದ. "ಪಿಟೀಲಿನ ಮೇಲೆ ಗದ್ದ ಸುಮ್ನೆ ಇಟ್ರೆ ಸಾಕು ಅಂತ ಎಷ್ಟು ಸಲ ಹೇಳೋದು? ಹಿಂಗೆ ಒತ್ತಿ ಹಿಡಿದ್ರೆ ಆರ್ಕೆಸ್ಟ್ರಾನೇ ಬಿಡಬೇಕಾಗುತ್ತೆ, ದೊಡ್ಡಮ್ಮ."

"ಹಲ್ಲು ಬರೋವಾಗ ಇದೇ ಹೆಗಲು ಕಚ್ಚಿದೋನು ನೀನು, ನನಗೇ ಬುದ್ಧಿ ಹೇಳ್ತೀಯಾ?" ಎಂದು ಅವರು ಕೆನ್ನೆ ಹಿಡಿದುಕೊಂಡೇ ನಕ್ಕರು. "ನನ್ನ ಬೆನ್ನ ಹಿಂದೇನೇ ಕಹಳೆಯವರು ಕೂರೋದು. ಅವರು ಊದೋಕೆ ಶುರು ಮಾಡಿದ್ರೆ ನಾನು ನುಡಿಸಿದ್ದು ನನ್ನ ಕಿವಿಗೇ ಬೀಳಲ್ಲ ಕಣೋ. ದವಡೆಗೆ ಕೇಳುತ್ತೆ. ಒತ್ತಿದಷ್ಟೂ ಚೆನ್ನಾಗಿ ಕೇಳುತ್ತೆ."

"ದವಡೆಗೆ ಕೇಳುತ್ತಂತೆ!"

ದೊಡ್ಡಮ್ಮ ಆರ್ಕೆಸ್ಟ್ರಾದ ಅಭ್ಯಾಸ ಮುಗಿಸಿ ನೇರವಾಗಿ ಬಂದಿದ್ದರಿಂದ ಪಿಟೀಲು ಪಕ್ಕದಲ್ಲೇ ಇತ್ತು. ಅದನ್ನು ಪೆಟ್ಟಿಗೆಯಿಂದ ತೆಗೆದು ಅವನ ಗದ್ದದ ಕೆಳಗಿಟ್ಟು, "ಎರಡೂ ಕಿವಿಗೆ ಬೆರಳು ಹಾಕ್ಕೋ" ಎಂದರು. ಎದುರಿಗೆ ನಿಂತು ಅದರ ಕತ್ತು ಹಿಡಿದು, ದಪ್ಪ ತಂತಿಯ ಮೇಲೆ ಕಮಾನು ಎಳೆದರು.

ಪಕ್ಕದ ಕೋಣೆಯ ಯಂತ್ರದ ಸದ್ದು, ಹೊರಗೆ ಕಾಯುತ್ತಿದ್ದವರ ಮಾತು ಎಲ್ಲವೂ ಅಡಗಿಹೋಗಿದ್ದ ಆ ಮೌನದಲ್ಲಿ, ಸ್ವರ ಅವನ ಹಲ್ಲಿನ ಬುಡದಲ್ಲಿ ಹುಟ್ಟಿ, ದವಡೆಯ ಕೀಲು ದಾಟಿ, ತಲೆಯನ್ನೆಲ್ಲ ತುಂಬಿಕೊಂಡಿತು. ದಿನಕ್ಕೆ ಇಪ್ಪತ್ತು ದವಡೆ ಮುಟ್ಟಿ ನೋಡುವವನಿಗೆ, ಮೂಳೆ ಹೀಗೆ ಹಾಡಬಲ್ಲದೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು.

"ಮೆಲ್ಲಗೆ ಕಣೋ, ಅಷ್ಟು ಒತ್ತಬೇಡ, ದವಡೆ ನೋಯುತ್ತೆ" ಎಂದರು ದೊಡ್ಡಮ್ಮ.

ಕಿವಿಯಲ್ಲಿ ಬೆರಳಿಟ್ಟುಕೊಂಡಿದ್ದವನಿಗೆ ಅದು ಕೇಳಿಸಲಿಲ್ಲ. ಅವನು ಇನ್ನಷ್ಟು ಒತ್ತಿ ಹಿಡಿದ.