ಅಕ್ಷರದ ಗಾತ್ರ

ಕಂಪ್ಯೂಟರಿನಿಂದ ತೆಗೆದುಹಾಕಿ ಹೊಸದಾಗಿ ಹಾಕಿದ ಪ್ರೋಗ್ರಾಮು ಮತ್ತೆ ಅಂಗೈಯಗಲದ ಅಕ್ಷರಗಳಲ್ಲೇ ತೆರೆದುಕೊಂಡಿತು. ಅಪಘಾತದಲ್ಲಿ ಸತ್ತ ಗಂಡ ಪರದೆಯ ಹಿಂದೆಯೇ ಕೂತಿದ್ದಾನೇನೋ ಎಂಬಂತೆ ಅವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

"ಭೂತ ಗೀತ ಏನಿಲ್ಲಕ್ಕಾ," ಎಂದ ಕಂಪ್ಯೂಟರ್ ರಿಪೇರಿ ಮಾಡುವ ತಮ್ಮ. "ಪ್ರೋಗ್ರಾಮ್ ಕಿತ್ತುಹಾಕಿದ್ರೂ ಭಾವನ ಸೆಟ್ಟಿಂಗ್ ಹೋಗಲ್ಲ. ಅವರ ಹೆಸರಿನ ಫೋಲ್ಡರ್ ಒಳಗೆ, ಕಣ್ಣಿಗೆ ಬೀಳದ ಹಾಗೆ ಬೇರೆಯಾಗಿ ಕೂತಿರತ್ತೆ."

ಅವನು ಅದನ್ನು ಹುಡುಕಿ ತೆರೆದ. ಒಳಗೆ ಹಳೆಯ ಸೆಟ್ಟಿಂಗ್‌ಗಳ ಪ್ರತಿಗಳೂ ತಾರೀಖುವಾರು ಉಳಿದಿದ್ದವು. ಜನವರಿಯಲ್ಲಿ ಅಕ್ಷರದ ಗಾತ್ರ ಹದಿನಾಲ್ಕು. ಮಾರ್ಚಿನಲ್ಲಿ ಇಪ್ಪತ್ತೆಂಟು. ಜೂನಿನಲ್ಲಿ ಎಪ್ಪತ್ತೆರಡು.

"ಭಾವಂಗೆ ಕಣ್ಣು ಇಷ್ಟೊಂದು ಮಂಜಾಗಿತ್ತಾ ಅಕ್ಕಾ?"

ಅವಳಿಗೆ ಗೊತ್ತೇ ಇರಲಿಲ್ಲ. ಜೂನಿನ ಆ ಮಧ್ಯಾಹ್ನ, "ಬೇಗ ಹೋಗಿ ಬನ್ನಿ" ಎಂದು ಅವಳು ಕಾರಿನ ಕೀ ಚಾಚಿದಾಗ ಗಂಡನ ಕೈ ಗಾಳಿಯಲ್ಲಿ ತಡಕಾಡಿತ್ತು. "ತಮಾಷೆ ಸಾಕು" ಎಂದು ಗದರಿ, ಅವಳೇ ಕೀಯನ್ನು ಅವನ ಅಂಗೈಗೆ ಒತ್ತಿದ್ದಳು.