ಉಗುರುಬೆಚ್ಚಗಿನ ಗುರ್ಜಿ

"ಸಮುದ್ರ ಕಾದೈತಿ, ಅದಕ್ಕ ಮಳಿ ಇಲ್ಲ," ಎಂದರು ಸಂಜೀವಕುಮಾರ ಮಾಸ್ತರರು, ದೇವಣಗಾಂವದ ಅಗಸಿ ಕಟ್ಟೆಯ ಮೇಲೆ ಪೇಪರು ಮಡಚುತ್ತ. "ಶಾಂತಸಾಗರದ ತಳದಾಗಿನ ತಣ್ಣೀರು ಮ್ಯಾಲ ಬಂದ್ರ ನಮಗ ಮಳಿ. ಹೋದ ವರ್ಷ ಮಿರಗದ ಮಳಿ ಹೊತ್ತಿನಿಂದ ಅದು ಮ್ಯಾಲ ಬರೂದು ಕಡಿಮಿ ಆಗೈತಿ. ಮ್ಯಾಲಿನ ನೀರು ಒಂದೂವರಿ ಡಿಗ್ರಿ ಬಿಸಿ."

ಉಳಿದವರು "ಹೌದ್ರಿ" ಎಂದು ಎಲೆ ಅಡಿಕೆಗೆ ಕೈ ಹಾಕಿದರು. ಮಾಳಿಂಗ ಮಾತ್ರ ಎಲೆ ಅಡಿಕೆ ಬಿಟ್ಟು ಎದ್ದು ನಿಂತ. ಮಳೆ ತಡವಾದ ವರ್ಷ ಸಗಣಿಯ ಗುರ್ಜಿ ಗೊಂಬೆಯನ್ನು ರೊಟ್ಟಿ ಹಂಚಿನ ಮೇಲೆ ಕೂರಿಸಿ, ತಲೆಯ ಮೇಲೆ ಹೊತ್ತು ಮನೆ ಮನೆ ತಿರುಗುವವನು ಅವನೇ. ಹೆಂಗಸರು ಕೊಡ ಸುರಿಯಬೇಕು, ಅವನು ಗಿರಗಿರ ತಿರುಗಬೇಕು, ಅದನ್ನು ಕಂಡು ಮಳೆರಾಯ ಮನಸ್ಸು ಮಾಡಬೇಕು. ಹೋದ ವರ್ಷ ಮಿರಗದ ಹೊತ್ತಿಗೆ ಅವನಿಗೆ ನೆಗಡಿ. ಹೆಂಡತಿ ಕಾವೇರಿ ಮೊದಲೇ ಊರೆಲ್ಲ ತಿರುಗಿ, "ಒಂಚೂರು ಬೆಚ್ಚಗ ಮಾಡಿ ಹಾಕ್ರೆವಾ, ನಮ್ಮವರಿಗೆ ಆರಾಮಿಲ್ಲ," ಎಂದು ಹೇಳಿ ಬಂದಿದ್ದಳು. ಅರವತ್ತು ಮನೆಯ ನೀರೂ ಉಗುರುಬೆಚ್ಚಗೆ.

ಮನೆಗೆ ಬಂದವನು ಊಟದ ಗಂಗಾಳ ಮುಟ್ಟಲಿಲ್ಲ. "ಕಾವೇರಿ, ಸಮುದ್ರ ಕಾಸಿದವರು ನಾವ."

"ಒಲಿ ಇಲ್ಲೈತಿ, ಸಮುದ್ರ ಎಲ್ಲೈತೋ. ಹೆಂಗ ಕಾಯ್ತೈತ್ರಿ?"

"ಇಲ್ಲಿ ಗುರ್ಜಿ ತೊಯ್ದ್ರ ಅಲ್ಲಿ ಮೋಡ ಕರಗತೈತಿ ಅಂದ್ರ, ಇದ್ಯಾಕ ಆಗೂದಿಲ್ಲ?"

ಕಾವೇರಿ ಮೂಲೆಯಲ್ಲಿದ್ದ ಕೊಡದ ಕಡೆ ನೋಡಿದಳು. ಪ್ರತಿ ಸಲ ಮೊದಲ ಕೊಡ ಸುರಿದವಳು ಅವಳೇ.

ಮರುದಿನ ಮಾಳಿಂಗ ಕಟ್ಟೆಯ ಮುಂದೆ ನಿಂತು ತಪ್ಪೊಪ್ಪಿಕೊಂಡ. ಊರಿಗೆ ಊರೇ ಅವನ ಮುಖ ನೋಡಿತು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲೋ ಖೋಡಿ," ಎಂದು ಮಾಸ್ತರರು ಹಣೆ ಬಡಿದುಕೊಂಡರು. ಹಿರಿಯಳಾದ ತಿಪ್ಪವ್ವ ಕೇಳಿಸಿಕೊಳ್ಳಲಿಲ್ಲ. "ತಪ್ಪು ಒಪ್ಪಿಕೊಂಡಾನ, ಸಾಕು. ಈ ಸಲ ಬರ್ಫ ಹಾಕೂನು," ಎಂದಳು.

ಆಲಮೇಲದಿಂದ ಮಂಜುಗಡ್ಡೆಗಳು ಗೋಣಿಚೀಲದಲ್ಲಿ ಬಂದವು. ಹತ್ತನೇ ಮನೆಗೆ ಮಾಳಿಂಗನ ಹಲ್ಲು ಕಟಕಟ ಎಂದವು, ಮೂವತ್ತನೇ ಮನೆಗೆ ತುಟಿ ನೀಲಿಗಟ್ಟಿದವು. ಆದರೂ ತಿರುಗುವುದನ್ನು ಬಿಡಲಿಲ್ಲ. ಮೊದಲ ಕೊಡದಂತೆ ಕೊನೆಯದನ್ನೂ ಸುರಿಯುತ್ತಿದ್ದ ಕಾವೇರಿ ಕರುಳು ತಡೆಯದೆ ಅರ್ಧ ಕೊಡಕ್ಕೆ ಕೈ ನಿಲ್ಲಿಸಿದಾಗ ಅವನೇ, "ಪೂರಾ ಹಾಕು," ಎಂದ.

ಒಂಬತ್ತನೇ ದಿನ ಮಳೆ ಹಿಡಿಯಿತು. ಶಾಂತಸಾಗರ ತಣ್ಣಗಾಗುತ್ತಿದೆಯೆಂದು ಪೇಪರಿನಲ್ಲೂ ಬಂತು. ಅದನ್ನು ಓದಿದ ಮಾಸ್ತರರು ಯಾರಿಗೂ ಹೇಳದೆ ಮಡಚಿಟ್ಟುಕೊಂಡರು. ಎರಡು ಕಂಬಳಿ ಹೊದ್ದು ಜ್ವರದಲ್ಲಿ ಬಿದ್ದಿದ್ದ ಮಾಳಿಂಗನ ಜೀವಕ್ಕೆ ಮಾತ್ರ ಕಟ್ಟೆಯ ಮಾತು ಕೇಳಿದಾಗಿನಿಂದ ಮೊದಲ ಸಲ ಸಮಾಧಾನವಾಯಿತು.

ಮಳೆ ನಿಲ್ಲಲಿಲ್ಲ. ಭೀಮಾ ನದಿ ಕಬ್ಬಿನ ಹೊಲ ದಾಟಿತು, ಅಗಸಿ ದಾಟಿತು, ಮಾಸ್ತರರ ಮನೆಯೊಳಗೆ ನಡೆಯಿತು. ಮಳೆ ಹಿಡಿದ ಇಪ್ಪತ್ತನೇ ದಿನ ಮುಂಜಾನೆ ಯಾರೋ ಮಾಳಿಂಗನ ಮನೆ ಬಾಗಿಲು ಬಡಿದರು.

ಕಾವೇರಿ ತೆಗೆದು ನೋಡಿದರೆ, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡ ಹೆಂಗಸರ ಸಾಲು. ಒಬ್ಬೊಬ್ಬರ ಕೊಡದಿಂದಲೂ ಹಬೆ ಏಳುತ್ತಿತ್ತು. ಮುಂದೆ ತಿಪ್ಪವ್ವ, ಕೈಯಲ್ಲಿ ಹೊಸ ಗುರ್ಜಿ.

"ಏಳಸು ಅವನ್ನ," ಎಂದಳು.

ಅವಳ ಹಿಂದೆ ಸಂಜೀವಕುಮಾರ ಮಾಸ್ತರರು, ಪ್ಯಾಂಟು ಮೊಣಕಾಲಿಗೆ ಮಡಚಿ, ಶಾಲೆಯ ಥರ್ಮಾಮೀಟರನ್ನು ಕೊಡದಿಂದ ಕೊಡಕ್ಕೆ ಅದ್ದುತ್ತ ಬರುತ್ತಿದ್ದರು.

"ಹೋದ ವರ್ಷದಷ್ಟ ಇರಲಿ," ಎಂದರು ತಲೆ ಎತ್ತದೆ. "ಒಂದು ಡಿಗ್ರಿನೂ ಹೆಚ್ಚಾಗಬಾರ್ದು."